ಎರಡೂವರೆ ಸೆಕೆಂಡಿನ ಇಕ್ಕಟ್ಟು

ಹಿಪ್‌ಹಾಪ್ ಬೀಟುಗಳಲ್ಲಿ ಬಹಳಷ್ಟು ನಿಮಿಷಕ್ಕೆ 90 ಬಡಿತದ ಆಸುಪಾಸಿನಲ್ಲಿ ನಡೆಯುತ್ತವೆ. ಆ ವೇಗದಲ್ಲಿ ನಾಲ್ಕು ಬಡಿತದ ಒಂದು ಆವರ್ತ ಮುಗಿಯಲು 2.67 ಸೆಕೆಂಡ್ ಹಿಡಿಯುತ್ತದೆ. 1987ರಲ್ಲಿ ಕ್ಯಾಲಿಫೋರ್ನಿಯಾದ ಇ-ಮ್ಯು ಕಂಪನಿ ಮಾರುಕಟ್ಟೆಗೆ ಬಿಟ್ಟ ಎಸ್‌ಪಿ-1200 ಎಂಬ ಸ್ಯಾಂಪ್ಲರ್ ಒಂದು ಗುಂಡಿಗೆ ಹಿಡಿಸಿಕೊಳ್ಳುತ್ತಿದ್ದ ಧ್ವನಿಯ ಉದ್ದ ಹೆಚ್ಚೆಂದರೆ 2.5 ಸೆಕೆಂಡ್. ಒಂದೇ ಒಂದು ಆವರ್ತವೂ ಅದರಲ್ಲಿ ಪೂರ್ತಿ ಕೂರುತ್ತಿರಲಿಲ್ಲ. ಇಡೀ ಯಂತ್ರದ ಮೆಮೊರಿ ಒಟ್ಟುಗೂಡಿಸಿದರೆ 10 ಸೆಕೆಂಡ್. ಡ್ರಮ್ಮು, ಬೇಸು, ಹಳೆಯ ಹಾಡಿನಿಂದ ಕತ್ತರಿಸಿ ತಂದ ಟ್ರಂಪೆಟ್ಟಿನ ಚೂರು, ಎಲ್ಲಕ್ಕೂ ಅಷ್ಟೇ ಜಾಗ.

ಹೊರಗಿನ ಯಾವುದೇ ಧ್ವನಿಯನ್ನು ಅಂಕಿಗಳಾಗಿ ಹಿಡಿದಿಟ್ಟುಕೊಂಡು, ಗುಂಡಿ ಒತ್ತಿದಾಗ ಮತ್ತೆ ನುಡಿಸುವ ಯಂತ್ರವೇ ಸ್ಯಾಂಪ್ಲರ್. ಎಸ್‌ಪಿ-1200 ಅನ್ನು ರೂಪಿಸಿದ ಡೇವ್ ರಾಸಮ್ ಮತ್ತು ಅವರ ತಂಡದ ಮನಸ್ಸಿನಲ್ಲಿದ್ದುದು ಡ್ರಮ್ ಯಂತ್ರ. ಒಂದು ಕಿಕ್, ಒಂದು ಸ್ನೇರ್, ಒಂದು ತಾಳದ ತಟ್ಟೆ, ಇವುಗಳಿಗೆ ಎರಡೂವರೆ ಸೆಕೆಂಡ್ ಧಾರಾಳವಾಗಿ ಸಾಕು. ನ್ಯೂಯಾರ್ಕಿನ ಹುಡುಗರಿಗೆ ಬೇಕಿದ್ದುದೇ ಬೇರೆ. ಹಳೆಯ ಸೋಲ್, ಫಂಕ್, ಜಾಝ್ ಎಲ್‌ಪಿಗಳ ಸಾಲುಗಳನ್ನೇ ಎತ್ತಿ ಅದರ ಹೊಟ್ಟೆಗೆ ತುಂಬಬೇಕಿತ್ತು. ಅವರು ಕಂಡುಕೊಂಡ ಉಪಾಯ ಸರಳವಾದದ್ದು. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ತಿರುಗಬೇಕಾದ ತಟ್ಟೆಯನ್ನು 45ಕ್ಕೆ ಹಾಕಿ ಓಡಿಸುವುದು. ಹಾಡು 1.35 ಪಟ್ಟು ಬೇಗ ಓಡುತ್ತದೆ, 2.67 ಸೆಕೆಂಡಿನ ಆವರ್ತ 1.98 ಸೆಕೆಂಡಿಗೆ ಇಳಿದು ಗುಂಡಿಯೊಳಗೆ ಕೂರುತ್ತದೆ. ಒಳಗೆ ಹೋದ ಮೇಲೆ ಯಂತ್ರದಲ್ಲೇ ಅದರ ಶ್ರುತಿ ಇಳಿಸಿದರೆ ಹಾಡು ಮತ್ತೆ ತನ್ನ ವೇಗಕ್ಕೆ ಬರುತ್ತದೆ.

ಬರುತ್ತದೆ, ಆದರೆ ಹೋದಂತೆಯೇ ಬರುವುದಿಲ್ಲ. ಎಸ್‌ಪಿ-1200 ಸೆಕೆಂಡಿಗೆ 26,040 ಸಲ ಧ್ವನಿಯನ್ನು ಅಳೆಯುತ್ತದೆ, ಪ್ರತಿ ಅಳತೆಯನ್ನೂ 12 ಬಿಟ್‌ನಲ್ಲಿ ಬರೆದಿಡುತ್ತದೆ. ಈ ದರದಲ್ಲಿ ಸುಮಾರು 13,000 ಹರ್ಟ್ಸ್‌ಗಿಂತ ಮೇಲಿನ ಸ್ವರಗಳನ್ನು ಹಿಡಿಯಲು ಸಾಧ್ಯವೇ ಇಲ್ಲ. ಶ್ರುತಿ ಇಳಿಸಿದಾಗ ಆ ಮಿತಿ 10,000 ಹರ್ಟ್ಸ್‌ಗಿಂತಲೂ ಕೆಳಗೆ ಜಾರುತ್ತದೆ. ಮೇಲಿನ ಹೊಳಪು ಹೋಗಿ, ಅಂಕಿಗಳ ನಡುವಿನ ಒರಟು ಮರಳಿನಂತೆ ಧ್ವನಿಗೆ ಅಂಟಿಕೊಳ್ಳುತ್ತದೆ. ಸ್ನೇರ್ ಗಟ್ಟಿಯಾಗುತ್ತದೆ, ಕಿಕ್ ಎದೆಗೆ ಬಡಿಯುತ್ತದೆ. 1992ರಲ್ಲಿ ಪೀಟ್ ರಾಕ್ ಮತ್ತು ಸಿಎಲ್ ಸ್ಮೂತ್ ಜೋಡಿಯ ಹಾಡುಗಳಲ್ಲಿ, 1993ರಲ್ಲಿ ವೂ-ಟ್ಯಾಂಗ್ ಕ್ಲ್ಯಾನಿನ ಮೊದಲ ಆಲ್ಬಮ್ಮಿನಲ್ಲಿ ಕೇಳಿಸುವ ಆ ದಪ್ಪ, ಧೂಳು ಹಿಡಿದ ನಾದ ಒಂದು ಮಟ್ಟಿಗೆ ಈ ಇಕ್ಕಟ್ಟಿನ ಕೂಸು.

ಈ ಕಥೆಯನ್ನು ಮೊದಲಿಗೇ ಹೇಳಿದ್ದಕ್ಕೆ ಕಾರಣವಿದೆ. ಬೀಟ್ ಕಟ್ಟುವ ಹುಡುಗ ಹುಡುಗಿಯರು ಒಂದು ಹಂತಕ್ಕೆ ಬಂದ ಮೇಲೆ ಕೇಳುವ ಪ್ರಶ್ನೆ ಒಂದೇ: ಸೆಟಪ್ಪನ್ನು ಇನ್ನು ಹೇಗೆ ಬೆಳೆಸಲಿ, ಮುಂದೆ ಯಾವ ಯಂತ್ರ ಕೊಳ್ಳಲಿ? ಈಗಿನ ಎಂಪಿಸಿ ಒನ್ ಎಂಬ ಸ್ಯಾಂಪ್ಲರಿನಲ್ಲಿ 2 ಜಿಬಿ ಮೆಮೊರಿ ಇದೆ. ಗಂಟೆಗಟ್ಟಲೆ ಸಂಗೀತ ಅದರಲ್ಲಿ ಕೂರುತ್ತದೆ. ಪೀಟ್ ರಾಕ್ ಹತ್ತು ಸೆಕೆಂಡಿಗಾಗಿ ಒದ್ದಾಡಿದ ಜಾಗದಲ್ಲಿ ನಮ್ಮ ಮುಂದೆ ಬಯಲೇ ಬಿದ್ದಿದೆ. ಹಾಗಾದರೆ ಬೆಳೆಸಬೇಕಾದದ್ದು ಏನನ್ನು? ನಾನು ಕೊಡುವ ಉತ್ತರ ಇಷ್ಟು: ಈಗ ಕೈಯಲ್ಲಿರುವ ಯಂತ್ರ ಯಾವ ಕೆಲಸ ಬಂದಾಗ ಕೈ ಚೆಲ್ಲುತ್ತದೆ ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಲು ಬರಬೇಕು. ಹೇಳಲು ಬಂದರೆ ಏನು ಕೊಳ್ಳಬೇಕೆಂಬುದು ಆ ವಾಕ್ಯದಲ್ಲೇ ಇರುತ್ತದೆ. ಬರದಿದ್ದರೆ ಹೊಸ ಯಂತ್ರ ಬಂದರೂ ಬೀಟು ಅದೇ ಬೀಟು.

ಆ ಕಾಲದವರು ಸೆಟಪ್ ಬೆಳೆಸಿದ ರೀತಿಯನ್ನೇ ನೋಡಿ. ಎಸ್‌ಪಿ-1200 ಇದ್ದ ಎಷ್ಟೋ ಮಂದಿ ಅದರ ಪಕ್ಕಕ್ಕೆ ಎರಡನೆಯದಾಗಿ ತಂದಿಟ್ಟುಕೊಂಡದ್ದು ಅಕಾಯ್ ಕಂಪನಿಯ ಎಸ್-950. ಇದಕ್ಕೆ ಬಡಿಯುವ ಗುಂಡಿಗಳೇ ಇಲ್ಲ; ನೋಡಲು ಬರೀ ಒಂದು ಕಬ್ಬಿಣದ ಪೆಟ್ಟಿಗೆ. ಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಮಿಡಿ ಕೇಬಲ್ಲಿನ ಮೂಲಕ ಬೇರೊಂದು ಯಂತ್ರ ಅಪ್ಪಣೆ ಕೊಟ್ಟಾಗ ತನ್ನೊಳಗಿನ ಧ್ವನಿಯನ್ನು ನುಡಿಸುವುದಷ್ಟೇ ಅದರ ಕೆಲಸ. ಹಾಗಿದ್ದೂ ಅದರಲ್ಲಿ ಎರಡು ಗುಣಗಳಿದ್ದವು. ಉದ್ದನೆಯ ಸಾಲು ಹಿಡಿಸುವಷ್ಟು ಮೆಮೊರಿ ಒಂದು. ಮೇಲಿನ ಸ್ವರಗಳನ್ನು ನಯವಾಗಿ ಕತ್ತರಿಸುವ ಫಿಲ್ಟರ್ ಇನ್ನೊಂದು. ಈ ಎರಡನೆಯದು ಹಿಪ್‌ಹಾಪಿನ ಬೇಸನ್ನೇ ಬದಲಿಸಿತು. ಹಳೆಯ ಜಾಝ್ ತಟ್ಟೆಯಿಂದ ಎರಡು ಆವರ್ತ ಎತ್ತಿಕೊಳ್ಳಿ. ಅದರ ಮೇಲೆ ಫಿಲ್ಟರನ್ನು ಪೂರ್ತಿ ಇಳಿಸಿದರೆ ಪಿಯಾನೋ, ತುತ್ತೂರಿ, ಹಾಡುಗಾರ್ತಿಯ ದನಿ ಎಲ್ಲ ಮುಳುಗಿ, ತಳದಲ್ಲಿ ಬೇಸಿನ ಗುಂಯ್‌ಗುಡುವಿಕೆ ಮಾತ್ರ ಉಳಿಯುತ್ತದೆ. ಆ ಬೇಸಿನ ಮೇಲೆ ಅದೇ ಹಾಡಿನ ಫಿಲ್ಟರ್ ಇಲ್ಲದ ಚೂರನ್ನು ಬೇಕೆಂದಾಗ ಮಾತ್ರ ತೆರೆದರೆ, ಬಾಗಿಲು ತೆಗೆದಂತೆ ಹಾಡು ಒಳಕ್ಕೆ ಬರುತ್ತದೆ. ಬೀಟ್ ನಿರ್ಮಾಪಕ ಡಿಜೆ ಪ್ರೀಮಿಯರ್ ಎಂಪಿಸಿ-60 ಎಂಬ ಸ್ಯಾಂಪ್ಲರಿನ ಜೊತೆಗೆ ಇಟ್ಟುಕೊಂಡಿದ್ದುದೂ ಇದೇ ಎಸ್-950 ಅನ್ನು. ಎರಡನೆಯ ಯಂತ್ರ ಮೊದಲನೆಯದರ ಕೆಲಸವನ್ನೇ ಇನ್ನೊಮ್ಮೆ ಮಾಡಲು ಬರಲಿಲ್ಲ. ಮೊದಲನೆಯದಕ್ಕೆ ಆಗದ್ದನ್ನು ಮಾಡಲು ಬಂತು. ಎರಡು ಯಂತ್ರ ಇಟ್ಟುಕೊಳ್ಳಬೇಕೆಂಬ ಆಸೆ ಇದ್ದವರು ಈ ಜೋಡಿಯನ್ನು ಗಮನಿಸಬೇಕು.

ಎಂಪಿಸಿಯ ಕಥೆ ಬೇರೆ. 1980ರಲ್ಲಿ ಎಲ್‌ಎಂ-1 ಎಂಬ ಡ್ರಮ್ ಯಂತ್ರ ತಂದ ರೋಜರ್ ಲಿನ್ ಅವರ ಸ್ವಂತ ಕಂಪನಿ 1986ರಲ್ಲಿ ಮುಚ್ಚಿತು. ಆಮೇಲೆ ಅವರು ಜಪಾನಿನ ಅಕಾಯ್ ಜೊತೆ ಸೇರಿ 1988ರಲ್ಲಿ ಎಂಪಿಸಿ-60 ತಂದರು. ನಾಲ್ಕು ಸಾಲು, ಸಾಲಿಗೆ ನಾಲ್ಕು, ಒಟ್ಟು 16 ರಬ್ಬರ್ ಪ್ಯಾಡುಗಳು. ಮೆಲ್ಲಗೆ ತಟ್ಟಿದರೆ ಮೆಲ್ಲಗೆ, ಜೋರಾಗಿ ಬಡಿದರೆ ಜೋರಾಗಿ ನುಡಿಯುವ ಈ ಪ್ಯಾಡುಗಳ ವಿನ್ಯಾಸವನ್ನೇ ಇಂದಿಗೂ ಹಲವು ಕಂಪನಿಗಳು ಅನುಸರಿಸುತ್ತಿವೆ. ಇನ್ನೊಂದು ಅದರ ಸ್ವಿಂಗ್. ಬಡಿತವೊಂದನ್ನು ನಾಲ್ಕು ಪಾಲು ಮಾಡಿ, ಎರಡನೆಯ ಮತ್ತು ನಾಲ್ಕನೆಯ ಪಾಲನ್ನು ಚೂರು ತಡವಾಗಿ ಬೀಳಿಸುವುದು ಸ್ವಿಂಗ್. 50 ಶೇಕಡಕ್ಕೆ ಇಟ್ಟರೆ ನೇರ ಚತುರಶ್ರ. 66ರ ಹತ್ತಿರ ಇಟ್ಟರೆ ತಿಶ್ರ ನಡೆ. ಇವೆರಡರ ನಡುವೆ ನಮ್ಮ ತಾಳಶಾಸ್ತ್ರ ಹೆಸರಿಡದ ನಡೆಗಳಿವೆ. 90ರ ವೇಗದಲ್ಲಿ 54 ಶೇಕಡ ಸ್ವಿಂಗ್ ಇಟ್ಟರೆ ಎರಡನೆಯ ಪಾಲು ತಡವಾಗುವುದು ಸುಮಾರು 13 ಮಿಲಿಸೆಕೆಂಡ್. ಅಷ್ಟು ಸಣ್ಣ ವ್ಯತ್ಯಾಸಕ್ಕೆ ತಲೆ ತಾನಾಗಿ ತೂಗತೊಡಗುತ್ತದೆ.

ಡೆಟ್ರಾಯಿಟಿನ ಕಾನಂಟ್ ಗಾರ್ಡನ್ಸ್ ಬಡಾವಣೆಯ ಜೇಮ್ಸ್ ಯಾನ್ಸಿ ಎಂಪಿಸಿ ಕಲಿತದ್ದು ಅಲ್ಲಿನ ಸಂಗೀತಗಾರ ಆ್ಯಂಪ್ ಫಿಡ್ಲರ್ ಮನೆಯ ಯಂತ್ರದಲ್ಲಿ. ಮುಂದೆ ಜೆ ಡಿಲ್ಲಾ ಎಂದು ಹೆಸರಾದ ಆತ ಬಹುಕಾಲ ನೆಚ್ಚಿಕೊಂಡದ್ದು 1994ರ ಎಂಪಿಸಿ-3000 ಅನ್ನು. ಎಲ್ಲವನ್ನೂ ಗೆರೆಗೆ ಕೂರಿಸುವ ಸೌಲಭ್ಯ ಆ ಯಂತ್ರದಲ್ಲಿತ್ತು. ಆತ ಬೇಕಾದ ಕಡೆ ಅದನ್ನು ಆರಿಸಿದ, ಒಂದೊಂದು ಧ್ವನಿಯನ್ನೂ ಬೇರೆಬೇರೆಯಾಗಿ ಹಿಂದೆ ಮುಂದೆ ಸರಿಸಿದ, ನೇರ ನಡೆಯ ಮೇಲೆ ತೂಗುವ ನಡೆಯನ್ನು ಕೂರಿಸಿದ. ಡ್ಯಾನ್ ಚಾರ್ನಸ್ 2022ರಲ್ಲಿ ಇದನ್ನೇ ಮುಖ್ಯ ವಿಷಯವಾಗಿಟ್ಟು ಒಂದು ದಪ್ಪ ಪುಸ್ತಕ ಬರೆದರು. ಡಿಲ್ಲಾ 2006ರ ಫೆಬ್ರವರಿಯಲ್ಲಿ, 32 ತುಂಬಿದ ಮೂರೇ ದಿನಕ್ಕೆ ತೀರಿಕೊಂಡ. ಆತನ ಎಂಪಿಸಿ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯದಲ್ಲಿದೆ. ಆ ಮಾದರಿಯ ಯಂತ್ರ ಬೇರೆ ಸಾವಿರಾರು ಜನರ ಬಳಿಯೂ ಇತ್ತು. ಆತನಷ್ಟು ಆಳಕ್ಕೆ ಅದರೊಳಗೆ ಇಳಿದವರು ಕಡಿಮೆ.

ಸೆಟಪ್ಪನ್ನು ಕಿರಿದು ಮಾಡಿಕೊಂಡು ಗೆದ್ದವರೂ ಇದ್ದಾರೆ. ಲಾಸ್ ಏಂಜಲೀಸಿನ ಬೀಟ್ ನಿರ್ಮಾಪಕ ಮ್ಯಾಡ್‌ಲಿಬ್ 2004ರ 'ಮ್ಯಾಡ್‌ವಿಲನಿ' ಆಲ್ಬಮ್ಮಿನ ಹಲವು ಬೀಟುಗಳನ್ನು ಕಟ್ಟಿದ್ದು ಬ್ರೆಜಿಲ್‌ನ ಸಾವೊ ಪಾಲೊದ ಹೋಟೆಲ್ ಕೋಣೆಯಲ್ಲಿ. ಜೊತೆಗಿದ್ದುದು ಬಾಸ್ ಎಸ್‌ಪಿ-303 ಎಂಬ ಸಣ್ಣ ಸ್ಯಾಂಪ್ಲರ್, ಕೈಯಲ್ಲಿ ಹಿಡಿದೊಯ್ಯುವ ಟರ್ನ್‌ಟೇಬಲ್, ಒಂದು ಕ್ಯಾಸೆಟ್ ಡೆಕ್. 2007ರಲ್ಲಿ ಆತ ನಮ್ಮ ದೇಶದ ಸಿನಿಮಾ ಸಂಗೀತದ ತಟ್ಟೆಗಳನ್ನೇ ಕತ್ತರಿಸಿ ಒಂದು ಇಡೀ ಆಲ್ಬಮ್ ಮಾಡಿದ. ನಮ್ಮ ಮನೆಗಳ ಅಟ್ಟದ ಮೇಲೆ ಬಿದ್ದಿರುವ ಎಲ್‌ಪಿಗಳ ಬೆಲೆ ಲಾಸ್ ಏಂಜಲೀಸಿನವನಿಗೆ ನಮಗಿಂತ ಮೊದಲು ಗೊತ್ತಾಯಿತು.

ಆ ಎಲ್‌ಪಿಗಳನ್ನು ಇಳಿಸಿಕೊಳ್ಳುವವರಿಗೆ ಒಂದು ಮಾತು. ಟರ್ನ್‌ಟೇಬಲ್ಲಿನ ಮುಳ್ಳಿನಿಂದ ಬರುವ ವಿದ್ಯುತ್ತು ಕೆಲವೇ ಮಿಲಿವೋಲ್ಟ್. ಸಾಲದ್ದಕ್ಕೆ, ತಟ್ಟೆ ಕೊರೆಯುವಾಗಲೇ ಬೇಸನ್ನು ತಗ್ಗಿಸಿ, ಮೇಲಿನ ಸ್ವರಗಳನ್ನು ಏರಿಸಿ ಕೊರೆದಿರುತ್ತಾರೆ. ಹಾಗೆ ಮಾಡದಿದ್ದರೆ ಬೇಸಿನ ಅಲೆಗಳಿಗೆ ಗೀರು ಅಗಲವಾಗಿ ತಟ್ಟೆಯಲ್ಲಿ ಜಾಗ ಸಾಲುವುದಿಲ್ಲ. ಇದನ್ನು ತಿರುಗಿಸಿ ಸರಿ ಮಾಡುವುದು ಫೋನೊ ಪ್ರಿಆ್ಯಂಪ್ ಎಂಬ ಸಣ್ಣ ಡಬ್ಬಿ. ಎಂಪಿಸಿ ಲೈವ್‌ನಲ್ಲಿ ಅದು ಒಳಗೇ ಇದೆ. ಎಂಪಿಸಿ ಒನ್‌ನಲ್ಲಿ ಇಲ್ಲ, ರೋಲ್ಯಾಂಡ್ ಎಸ್‌ಪಿ-404 ಎಂಕೆ2 ಎಂಬ ಸ್ಯಾಂಪ್ಲರಿನಲ್ಲೂ ಇಲ್ಲ. ಡಬ್ಬಿ ಇಲ್ಲದೆ ನೇರವಾಗಿ ಸಿಕ್ಕಿಸಿದರೆ ಹಾಡು ತೆಳ್ಳಗೆ, ಸುಯ್ಯೆನ್ನುತ್ತ ಒಳಗೆ ಹೋಗುತ್ತದೆ. ಸ್ಯಾಂಪ್ಲರ್ ಸರಿ ಇಲ್ಲವೆಂದು ಬೇಸರಪಟ್ಟು ಹೊಸದಕ್ಕೆ ದುಡ್ಡು ಹೊಂದಿಸುವವರ ಕೊರತೆ ಎಷ್ಟೋ ಸಲ ಈ ಡಬ್ಬಿಯದ್ದೇ. ಮಳೆಗಾಲದಲ್ಲಿ ಬೂಷ್ಟು ಹಿಡಿದ ತಟ್ಟೆಯನ್ನು ತೊಳೆದು ಒಣಗಿಸಿದ ಮೇಲಷ್ಟೇ ಮುಳ್ಳು ಇಡಿ; ಬೂಷ್ಟಿನ ಚಟಪಟವನ್ನು ಯಾವ ಯಂತ್ರವೂ ಪೂರ್ತಿ ತೆಗೆಯುವುದಿಲ್ಲ.

ಇನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ನಂಬಿರುವ ವಿಷಯ. ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆ ಬೀಟ್ ಕಟ್ಟುವವರ ಮಟ್ಟಿಗೆ ಅನ್ಯಾಯದ ಮಾತು. ಇಲ್ಲಿ ನೆಲ ನಿಜವಾಗಿಯೂ ಡೊಂಕು. ನಮ್ಮ ಊರುಗಳಲ್ಲಿ ಮಲಗುವ ಕೋಣೆಯೇ ಸ್ಟುಡಿಯೊ. ಅದರ ಅಳತೆ ಸಾಮಾನ್ಯವಾಗಿ ಹತ್ತಕ್ಕೆ ಹತ್ತು ಅಡಿ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಎದುರುಬದುರು ಗೋಡೆಗಳ ನಡುವೆ ಹತ್ತಡಿ, ಅಂದರೆ 3.05 ಮೀಟರ್ ಇದ್ದರೆ, ಸುಮಾರು 56 ಹರ್ಟ್ಸ್‌ನ ಅಲೆ ಆ ಗೋಡೆಗಳ ನಡುವೆ ನಿಂತುಬಿಡುತ್ತದೆ. ಗೋಡೆಯ ಬಳಿ ಅದು ದುಪ್ಪಟ್ಟು ಕೇಳುತ್ತದೆ, ಕೋಣೆಯ ನಟ್ಟನಡುವೆ ಬಹುತೇಕ ಕೇಳುವುದೇ ಇಲ್ಲ. ಕೋಣೆ ಚೌಕವಾಗಿದ್ದರೆ ಅಗಲದ ದಿಕ್ಕಿನಲ್ಲೂ ಅದೇ ಅಲೆ ನಿಂತು ತೊಂದರೆ ಇಮ್ಮಡಿಯಾಗುತ್ತದೆ. ರೋಲ್ಯಾಂಡ್ ಟಿಆರ್-808 ಡ್ರಮ್ ಯಂತ್ರದ ಕಿಕ್, ಅಂದರೆ ಇಡೀ ಹಿಪ್‌ಹಾಪಿನ ಬುಡದಲ್ಲಿರುವ ಆ ದಪ್ಪ ಬಡಿತ, ಇರುವುದೂ 50 ಹರ್ಟ್ಸ್‌ನ ಆಸುಪಾಸಿನಲ್ಲೇ.

ಹೀಗಾಗಿ ಕೋಣೆಯ ನಡುವೆ ಕುರ್ಚಿ ಹಾಕಿಕೊಂಡು ಕೂತವರಿಗೆ ಕಿಕ್ ಸಾಲದೆನಿಸುತ್ತದೆ. ಏರಿಸುತ್ತಾರೆ. ಇನ್ನೂ ಏರಿಸುತ್ತಾರೆ. ಮರುದಿನ ಗೆಳೆಯನ ಕಾರಿನಲ್ಲಿ ಹಾಕಿದರೆ ಬಾಗಿಲು ನಡುಗುತ್ತದೆ, ಹಾಡಿನ ಮಾತು ಕೇಳುವುದಿಲ್ಲ. ದೋಷ ಯಂತ್ರದ್ದೂ ಅಲ್ಲ, ಕಿವಿಯದ್ದೂ ಅಲ್ಲ. ಕುರ್ಚಿಯನ್ನು ನಡುವಿನಿಂದ ಸರಿಸಿ, ಎದುರಿನ ಗೋಡೆಯಿಂದ ಕೋಣೆಯ ಉದ್ದದ ಸುಮಾರು 38 ಶೇಕಡದಷ್ಟು ದೂರದಲ್ಲಿ ಕೂತು ಕೇಳಿ. ಅಲ್ಲಿಂದ ಅರ್ಧರ್ಧ ಅಡಿ ಹಿಂದೆ ಮುಂದೆ ಸರಿದು ನೋಡಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಮೂಲೆಗಳಲ್ಲಿ ನಾಲ್ಕರಿಂದ ಆರು ಇಂಚು ದಪ್ಪದ ರಾಕ್‌ವೂಲ್ ಹಲಗೆಗಳನ್ನು ಬಟ್ಟೆ ಸುತ್ತಿ ನಿಲ್ಲಿಸಿದರೆ ಇನ್ನಷ್ಟು ಹತೋಟಿಗೆ ಬರುತ್ತದೆ. ಗೋಡೆ ತುಂಬ ಮೊಟ್ಟೆಯ ಟ್ರೇ ಅಂಟಿಸುವವರಿದ್ದಾರೆ. ಟ್ರೇಗಳು ಮೇಲಿನ ಸ್ವರಗಳ ಮರುದನಿಯನ್ನು ಅಷ್ಟಿಷ್ಟು ಚದುರಿಸುತ್ತವೆ, ಬೇಸನ್ನು ಮುಟ್ಟುವುದೂ ಇಲ್ಲ. ಬೆಂಕಿಯ ಭಯ ಬೇರೆ. ಜೊತೆಗೊಂದು ಒಳ್ಳೆಯ ಹೆಡ್‌ಫೋನ್ ಇರಲಿ. ಅದಕ್ಕೆ ಕೋಣೆಯ ಹಂಗಿಲ್ಲ.

ಎರಡನೆಯ ಯಂತ್ರ ಮನೆಗೆ ಬಂತೆಂದುಕೊಳ್ಳಿ. ಇಬ್ಬರಲ್ಲಿ ಒಬ್ಬರು ತಾಳ ಹಾಕಬೇಕು, ಇನ್ನೊಬ್ಬರು ಅನುಸರಿಸಬೇಕು. 1983ರಲ್ಲಿ ಬಂದ ಮಿಡಿ ಎಂಬ ಒಡಂಬಡಿಕೆ ಒಂದು ಬಡಿತಕ್ಕೆ 24 ಸಂಕೇತಗಳನ್ನು ಕಳಿಸುತ್ತದೆ. ಯಾವುದು ಕಳಿಸಬೇಕು, ಯಾವುದು ಕೇಳಬೇಕು ಎಂಬುದನ್ನು ಎರಡರ ಮೆನುವಿನಲ್ಲೂ ಗೊತ್ತುಮಾಡಿ. ಎರಡೂ ಯಜಮಾನರಾದರೆ ಲಯ ಬಿಚ್ಚಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಚಾರ್ಜರ್ ಸಿಕ್ಕಿಸಿದ ಕೂಡಲೇ ಸ್ಪೀಕರಿನಲ್ಲಿ ಗುಂಯ್ ಎಂದರೆ ಎರಡು ಸಲಕರಣೆಗಳು ಬೇರೆ ಬೇರೆ ದಾರಿಯಲ್ಲಿ ಭೂಮಿಗೆ ಸೇರುತ್ತಿವೆ ಎಂದೇ ಅನುಮಾನಿಸಬೇಕು. ಎಲ್ಲವನ್ನೂ ಒಂದೇ ಸಾಕೆಟ್ಟಿನ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತನ್ನಿ, ಬ್ಯಾಲೆನ್ಸ್ಡ್ ಕೇಬಲ್ ಬಳಸಿ. ಪ್ಲಗ್ಗಿನ ಮೂರನೆಯ ಪಿನ್ನನ್ನು ಕಿತ್ತರೆ ಸದ್ದು ನಿಲ್ಲುತ್ತದೆಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದು ಜೀವ ಕಾಯುವ ಪಿನ್ನು.

ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಸುಖ ಕೊಡುವ ವಿಸ್ತರಣೆ ಸ್ಟೋರೇಜಿನದು. ಬೆಂಗಳೂರಿನ ಎಸ್‌ಪಿ ರೋಡಿಗೆ ಒಂದು ಸಲ ಹೋದರೆ ಎಂಪಿಸಿ ಒನ್‌ಗೆ ಬೇಕಾದ ಎಸ್‌ಡಿ ಕಾರ್ಡೂ ಸಿಗುತ್ತದೆ, ಎಂಪಿಸಿ ಲೈವ್‌ನ ಹೊಟ್ಟೆಗೆ ಹಾಕುವ ಎರಡೂವರೆ ಇಂಚಿನ ಎಸ್‌ಎಸ್‌ಡಿಯೂ ಸಿಗುತ್ತದೆ. ಹಳೆಯ ಎಂಪಿಸಿ-2000 ಎಕ್ಸ್‌ಎಲ್ ಇರುವವರು ಫ್ಲಾಪಿ ಡ್ರೈವ್ ತೆಗೆದು ಪೆನ್‌ಡ್ರೈವ್ ಓದುವ ಎಮ್ಯುಲೇಟರ್ ಕೂರಿಸಬಹುದು. ಅದರ 2 ಎಂಬಿ ಮೆಮೊರಿಯನ್ನು 32 ಎಂಬಿಗೆ ಏರಿಸಬಹುದು. ಎಂಟು ಔಟ್‌ಪುಟ್‌ಗಳ ಬೋರ್ಡು ಸಿಕ್ಕರೆ ಕಿಕ್ಕನ್ನೂ ಸ್ನೇರನ್ನೂ ಬೇರೆ ಬೇರೆ ತಂತಿಯಲ್ಲಿ ಮಿಕ್ಸರಿಗೆ ತಂದು ಒಂದೊಂದನ್ನೇ ತಿದ್ದಬಹುದು. ಇರುವ ಯಂತ್ರವನ್ನೇ ಹೀಗೆ ಹಿಗ್ಗಿಸಿದರೆ ಅದರ ಮೇಲೆ ಬೆರಳುಗಳು ಗಳಿಸಿದ ಅಭ್ಯಾಸ ಹಾಳಾಗುವುದಿಲ್ಲ.

ಅಸಲಿ ಎಸ್‌ಪಿ-1200 ಬೇಕೇಬೇಕೆಂಬ ಹಂಬಲ ಹಲವರಲ್ಲಿದೆ. ಆ ನಾದದ ಮೇಲಿನ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೂ ಕರ್ನಾಟಕದಲ್ಲಿ ಕೂತು ಬೀಟ್ ಕಟ್ಟುವವರು ಅದನ್ನು ಕೊಳ್ಳಬಾರದೆಂದೇ ಹೇಳುತ್ತೇನೆ. ಅದರ ತಯಾರಿಕೆ ನಿಂತು ದಶಕಗಳಾದವು. ಕೆಟ್ಟರೆ ರಿಪೇರಿ ಮಾಡುವ ಕೈ ಹತ್ತಿರದಲ್ಲಿ ಸಿಗುವುದು ಕಷ್ಟ. ಸಾಗಣೆಗೂ ಸುಂಕಕ್ಕೂ ಆಗುವ ಖರ್ಚಿನಲ್ಲಿ ಕೋಣೆಯನ್ನೇ ಸರಿಪಡಿಸಬಹುದು. ಅಮೆರಿಕದಲ್ಲಿ ಮಾರಾಟವಾದ ಹಳೆಯ ಯಂತ್ರಗಳು ಅಲ್ಲಿನ 120 ವೋಲ್ಟಿಗೆ ಮಾಡಿದವು. ಹಿಂಬದಿಯ ಚೀಟಿ ಓದದೆ ನಮ್ಮ 230 ವೋಲ್ಟಿನ ಸಾಕೆಟ್ಟಿಗೆ ಚುಚ್ಚಿದರೆ ಹೊಗೆ ಏಳಬಹುದು. 2021ರಲ್ಲಿ ರಾಸಮ್ ಅವರೇ ತಮ್ಮ ಕಂಪನಿಯಿಂದ ಅದನ್ನು ಮತ್ತೆ ತಂದರು, ಬೆಲೆ ಲಕ್ಷಗಳ ಲೆಕ್ಕದ್ದು. ಎಂಪಿಸಿಯ ಸಾಫ್ಟ್‌ವೇರಿನಲ್ಲಿ ಆ ಹಳೆಯ ಧ್ವನಿಯನ್ನು ಅನುಕರಿಸುವ ಆಯ್ಕೆಗಳಿವೆ. ಹಳೆಯ ಉಪಾಯವೂ ಎಲ್ಲಿಗೂ ಹೋಗಿಲ್ಲ: ಹಾಡನ್ನು ವೇಗವಾಗಿ ಒಳಗೆ ತುಂಬಿ, ಶ್ರುತಿ ಇಳಿಸಿ, ಬಿಟ್ ತಗ್ಗಿಸಿ. ಅಸಲಿನ ತದ್ರೂಪ ಅಲ್ಲದಿದ್ದರೂ ಆ ಮನೆತನದ್ದು ಹೌದು.

ಕೀಬೋರ್ಡು, ಸಿಂತ್ ಕಡೆಗೆ ಸೆಟಪ್ ಬೆಳೆಸುವುದಕ್ಕೂ ಒಂದು ಗಟ್ಟಿ ಕಾರಣವಿದೆ. 1991ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ರ‍್ಯಾಪರ್ ಬಿಜ್ ಮಾರ್ಕಿಯ ವಿರುದ್ಧ ತೀರ್ಪು ಕೊಟ್ಟ ಮೇಲೆ, ಅನುಮತಿ ಇಲ್ಲದೆ ಬೇರೆಯವರ ಧ್ವನಿಮುದ್ರಣ ಎತ್ತುವುದು ದುಬಾರಿಯಾಯಿತು. 2002ರಲ್ಲಿ 'ಜ್ಯೋತಿ' ಎಂಬ ಹಿಂದಿ ಚಿತ್ರದ ಹಾಡಿನ ತುಣುಕು ಬಳಸಿದ ಅಮೆರಿಕದ ಹಾಡೊಂದೂ ಕೋರ್ಟಿನ ಮೆಟ್ಟಿಲೇರಿತು. ಅಟ್ಟದಿಂದ ಇಳಿಸಿದ ಕನ್ನಡ ಸಿನಿಮಾ ಎಲ್‌ಪಿಗೂ ಹಕ್ಕುದಾರರಿದ್ದಾರೆ. ಕಲಿಯುವುದಕ್ಕೆ ಕತ್ತರಿಸಿ, ಹಾಡು ಹೊರಗೆ ಬಿಡುವ ಮುಂಚೆ ಒಪ್ಪಿಗೆ ಪಡೆಯಿರಿ. ಇಲ್ಲವೇ ಆ ಸಾಲನ್ನು ಬಿಟ್ಟು ನಿಮ್ಮದೇ ಸಾಲು ನುಡಿಸಿ. ಹಾಗೆ ನುಡಿಸಲು ಕೀಬೋರ್ಡ್ ಬೇಕೆನಿಸಿದರೆ ಆ ಖರ್ಚು ನ್ಯಾಯವಾದದ್ದೇ.

ಇಷ್ಟೆಲ್ಲ ಆದ ಮೇಲೂ ಹೊಸ ಸ್ಯಾಂಪ್ಲರೇ ಬೇಕೆಂದು ತೀರ್ಮಾನಿಸಿದ್ದರೆ, ಆನ್‌ಲೈನಿನಲ್ಲಿ ವಿಡಿಯೊ ನೋಡಿ ಆರ್ಡರ್ ಮಾಡಬೇಡಿ. ಅಂಗಡಿಗೆ ಹೋಗಿ, ಇಲ್ಲವೇ ಆ ಯಂತ್ರ ಇರುವ ಗೆಳೆಯರ ಮನೆಗೆ ಹೋಗಿ. ನಿಮ್ಮದೇ ಒಂದು ಅರ್ಧಕ್ಕೆ ನಿಂತ ಬೀಟಿನ ಧ್ವನಿಗಳನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಒಂದು ಗಂಟೆ ಕೂತು ಆ ಬೀಟನ್ನು ಅಲ್ಲಿ ಮುಂದಕ್ಕೆ ಒಯ್ಯಲು ನೋಡಿ. ಅದು ಹೋದರೆ ಕೊಳ್ಳಿ. ಹೋಗದಿದ್ದರೆ ದುಡ್ಡನ್ನು ಜೇಬಿನಲ್ಲೇ ಇಟ್ಟುಕೊಂಡು ಮನೆಗೆ ಬಂದು ಮೊದಲು ಕುರ್ಚಿ ಸರಿಸಿ.